ರಿಪೋರ್ಟಿನ ನಾಲ್ಕು ಅಂಕಿ

“ಕುಡಿಯೋ ಅಭ್ಯಾಸ ಏನಾದ್ರೂ ಇತ್ತಾ?” ಫ್ಯಾಕ್ಟರಿ ಡಾಕ್ಟರು ಎರಡನೇ ಸಲ ಕೇಳಿದಾಗ ಕತ್ತರಿ ಅಕ್ಕನ ಮೈಯೆಲ್ಲ ಉರಿದುಹೋಯಿತು.

“ಕಾಫಿ ಕುಡೀತೀನಿ ಸಾರ್. ಶುಗರ್ ಬಂದ ಮೇಲೆ ಅದಕ್ಕೂ ಸಕ್ಕರೆ ಇಲ್ಲ. ನನ್ನ ಬಾಯಿ ವಿಷಯ ಬಿಡಿ, ಈ ರಿಪೋರ್ಟು ನೋಡಿ.”

ಸಿದ್ಧ ಉಡುಪಿನ ಆ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದವಳು ಅವಳು. ನೂರು ಪದರದ ಮೇಲೆ ಅಲಗು ಓಡಿಸಿದರೂ ಕೂದಲೆಳೆಯಷ್ಟು ಆಚೀಚೆ ಆಗದ ಕೈ. ವರ್ಷಕ್ಕೊಮ್ಮೆ ಕೆಲಸಗಾರರ ರಕ್ತ ತೆಗೆಸಿ, ‘ಕೆಲಸಕ್ಕೆ ಯೋಗ್ಯ’ ಎಂದು ಮೊಹರು ಒತ್ತಿ ಕೊಡುತ್ತಿದ್ದ ಕಾಗದಗಳನ್ನು ಬೀರುವಿನಲ್ಲಿ ಜೋಪಾನ ಮಾಡಿದ್ದಳು. ಸುಸ್ತು ಎಂದು ಹೋದಾಗಲೆಲ್ಲ ಇದೇ ಡಾಕ್ಟರು “ವಯಸ್ಸಾಯ್ತಲ್ಲಮ್ಮಾ” ಎಂದು ಶಕ್ತಿಯ ಮಾತ್ರೆ ಕೊಟ್ಟು ಸಾಗಹಾಕಿದ್ದರು.

ಹೋದ ತಿಂಗಳು ಕಾಲು ಊದಿಕೊಂಡಾಗ ದೊಡ್ಡಾಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರಮ್ಮ ಐದು ವರ್ಷದ ಕಾಗದಗಳನ್ನು ಸಾಲಾಗಿ ಹರಡಿ, ಒಂದೊಂದರಲ್ಲೂ ಮೂರು ಅಂಕಿಗಳ ಕೆಳಗೆ ಗೀಟು ಎಳೆದಳು. ಲಿವರಿಗೆ ಸಂಬಂಧಿಸಿದ್ದು ಎರಡು, ಪ್ಲೇಟ್‌ಲೆಟ್ ಎಷ್ಟಿದೆ ಎಂಬುದು ಒಂದು. ನಾಲ್ಕನೆಯದು ವಯಸ್ಸು. ನಾಲ್ಕನ್ನೂ ಗುಣಿಸಿ ಭಾಗಿಸಿದರೆ ಬರುವುದು ಒಂದೇ ಅಂಕಿ, ಕ್ಯಾಲ್ಕುಲೇಟರಿನಲ್ಲಿ ಅರ್ಧ ನಿಮಿಷದ ಕೆಲಸ. ಐದು ವರ್ಷದ ಹಿಂದೆ ಒಂದು ಪಾಯಿಂಟ್ ಏಳು. ಈಗ ಮೂರು ಪಾಯಿಂಟ್ ಆರು.

“ಒಂದು ಪಾಯಿಂಟ್ ಮೂರರ ಒಳಗಿದ್ರೆ ಸದ್ಯಕ್ಕೆ ಚಿಂತೆ ಇಲ್ಲ. ದಾಟಿದ್ರೆ ಮುಂದಿನ ಪರೀಕ್ಷೆ ಮಾಡ್ಬೇಕಮ್ಮ. ಕಾಯಿಲೆ ಇದ್ದೇ ಇದೆ ಅಂತಲ್ಲ, ಲಿವರ್ ಗಟ್ಟಿಯಾಗ್ತಿರಬಹುದು, ಒಂದ್ಸಲ ನೋಡಿ ಅಂತ ಈ ಲೆಕ್ಕ ಹೇಳುತ್ತೆ. ಇಷ್ಟು ದಿನ ಯಾರೂ ನೋಡ್ಲಿಲ್ವಾ?”

ಹೊಟ್ಟೆಯ ಮೇಲೆ ಯಂತ್ರವಿಟ್ಟು ನೋಡಿದ್ದಾಯಿತು. ಲಿವರಿನ ತುಂಬ ಹಳೆಯ ಗಾಯ ಮಾಗಿದಂತೆ ಕಲೆ ಕಟ್ಟಿತ್ತು. ಕುಡಿಯದವರಿಗೂ ಶುಗರ್ ಇದ್ದರೆ ಹೀಗಾಗುವುದುಂಟು ಎಂದಳು ಡಾಕ್ಟರಮ್ಮ.

“ನಮ್ಮದು ಕೆಲಸಕ್ಕೆ ಆಗ್ತಾರೋ ಇಲ್ವೋ ಅಂತ ನೋಡೋ ಪರೀಕ್ಷೆ,” ಎಂದರು ಫ್ಯಾಕ್ಟರಿ ಡಾಕ್ಟರು ಕಾಗದಗಳನ್ನು ಅವಳತ್ತ ಸರಿಸುತ್ತ. “ಇಷ್ಟೊಂದು ಜನಕ್ಕೆ ಅದೆಲ್ಲ ಲೆಕ್ಕ ಹಾಕ್ತಾ ಯಾರು ಕೂತ್ಕೋತಾರೆ?”

“ಅಂಗಿ ತೋಳು ಕಾಲಿಂಚು ಗಿಡ್ಡ ಆದ್ರೆ ಇಡೀ ಲಾಟು ವಾಪಸ್ ಬರುತ್ತೆ. ಅದಕ್ಕೇಂತ ಇಲ್ಲಿ ಮೂರು ಜನ ಕೂತು ಅಳೀತಾರೆ. ನಮ್ಮ ರಕ್ತಾನ ಒಬ್ರೂ ಅಳೀಲಿಲ್ಲ. ಓದೋಕೆ ಪುರುಸೊತ್ತಿಲ್ದಿದ್ರೆ ಯಾಕೆ ಚುಚ್ಚಿದ್ರಿ ಸಾರ್?”

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು.

ಅವಳು ಕಾಗದಗಳನ್ನು ಎತ್ತಿಕೊಂಡು ಹೊರಬಂದಳು. ಹೊಲಿಗೆ ವಿಭಾಗದ ಹೆಂಗಸರಿಗೆಲ್ಲ ರಿಪೋರ್ಟು ತರಲು ಹೇಳಿದಳು. ಮಾರನೇ ದಿನ ಊಟದ ಬಿಡುವಿನಲ್ಲಿ, ಡಾಕ್ಟರಮ್ಮ ಬರೆದುಕೊಟ್ಟಿದ್ದ ಸೂತ್ರವನ್ನು ಮುಂದಿಟ್ಟುಕೊಂಡು ಒಬ್ಬೊಬ್ಬರದೇ ಲೆಕ್ಕ ಹಾಕಿದಳು. ಮೇಲ್ವಿಚಾರಕ ಬಂದು ನಕ್ಕ.

“ಏನಕ್ಕಾ, ಡಾಕ್ಟರಾಗಿಬಿಟ್ರಾ?”

“ಇಲ್ಲಪ್ಪಾ. ಡಾಕ್ಟರು ಡಾಕ್ಟರ ಕೆಲಸ ಮಾಡಿದ್ದಿದ್ರೆ ನಾನು ಕತ್ತರಿ ಹಿಡ್ಕೊಂಡು ತೆಪ್ಪಗಿರ್ತಿದ್ದೆ.”

ಮೂವತ್ತೊಂದು ಜನರಲ್ಲಿ ಮೂವರದು ಒಂದು ಪಾಯಿಂಟ್ ಮೂರರ ಗೆರೆ ದಾಟಿತ್ತು. ಆ ಮೂವರನ್ನೂ ಕರೆದುಕೊಂಡು ಹೋಗಿ ಫ್ಯಾಕ್ಟರಿ ಡಾಕ್ಟರ ಮೇಜಿನ ಮುಂದೆ ನಿಂತಳು. ಅವರು ಒಂದೊಂದನ್ನೂ ತಾವೇ ಮತ್ತೆ ಗುಣಿಸಿ, ಭಾಗಿಸಿ ನೋಡಿದರು. ಆಮೇಲೆ ದೊಡ್ಡಾಸ್ಪತ್ರೆಗೆ ಮೂರು ಚೀಟಿ ಬರೆದುಕೊಟ್ಟರು.

ಸೋಮವಾರ ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ ನಾಲ್ವರೂ ಕೂತಿದ್ದರು. ಗುಂಡಿ ಹೊಲಿಯುವವಳು, ನಲವತ್ತು ದಾಟಿದ ಮೂರು ಮಕ್ಕಳ ತಾಯಿ, ಮೆಲ್ಲಗೆ ಕೇಳಿದಳು, “ನೋವಾಗುತ್ತಾ ಅಕ್ಕಾ?”

“ಇಲ್ಲ ಕಣೇ. ಹೊಟ್ಟೆ ಮೇಲೆ ಏನೋ ತಣ್ಣಗೆ ಹಚ್ತಾರೆ, ಅಷ್ಟೆ.”

ಒಳಗಿನಿಂದ ಕರೆ ಬಂತು. ಗುಂಡಿ ಹೊಲಿಯುವವಳು ಎದ್ದು, ಕೈಚೀಲ ಎಲ್ಲಿಡುವುದೆಂದು ತಿಳಿಯದೆ ಸುತ್ತಲೂ ನೋಡಿದಳು. ಕತ್ತರಿ ಅಕ್ಕ ಕೈಚಾಚಿ ಅದನ್ನು ಇಸಿದುಕೊಂಡು, ತೊಡೆಯ ಮೇಲಿಟ್ಟುಕೊಂಡು, ಮುಚ್ಚಿಕೊಳ್ಳುತ್ತಿದ್ದ ಬಾಗಿಲನ್ನೇ ನೋಡುತ್ತ ಕೂತಳು.