ಮೂರನೇ ಪಾಳಿಯ ಶ್ರುತಿಪೆಟ್ಟಿಗೆ

ನನಗೆ ಬರುವುದು ಒಂದೇ ಶ್ರುತಿ. ಬೆಳಗ್ಗೆ ಕೇಳಿದರೂ ಅದೇ, ಸಂಜೆ ಕೇಳಿದರೂ ಅದೇ. ಇಷ್ಟೇ ಬಂಡವಾಳ ಇಟ್ಟುಕೊಂಡು ಆತ್ಮಕಥೆ ಹೇಳಲು ಹೊರಟಿದೆಯಲ್ಲ ಈ ಪೆಟ್ಟಿಗೆ ಎಂದು ನಗಬೇಡಿ. ಹಾರ್ಮೋನಿಯಂ ನಮ್ಮ ದೊಡ್ಡಪ್ಪನ ಮಗ. ಅವನ ಮೈತುಂಬಾ ಸ್ವರದ ಮನೆಗಳು, ಯಾರು ಎಲ್ಲಿ ಒತ್ತಿದರೆ ಅಲ್ಲಿ ಕುಣಿಯುತ್ತಾನೆ. ಆದರೆ ದಾವಣಗೆರೆಯಲ್ಲಿ ಒಂದು ದಿನ ಸಭೆಗೆ ಸಭೆಯೇ ಉಸಿರು ಬಿಗಿಹಿಡಿದು ಸಾಕ್ಷಿ ಕೇಳಿದ್ದು ಅವನನ್ನಲ್ಲ ಸ್ವಾಮಿ, ನನ್ನನ್ನು.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಗಲ್ಲಿಯಲ್ಲಿ, ಹಾರ್ಮೋನಿಯಂ ರಿಪೇರಿ ಮಾಡುವ ಮಾಬೂಸಾಬರ ಕೈಯಲ್ಲಿ. ಸಾಗುವಾನಿ ಹಲಗೆಯ ಮೈ, ಗಾಳಿ ಎಳೆದುಕೊಳ್ಳಲು ತೊಗಲಿನ ತಿದಿ, ಒಳಗೆ ಹಿತ್ತಾಳೆಯ ರೀಡುಗಳು. ಮಾಬೂಸಾಬರು ರೀಡನ್ನು ಸಣ್ಣ ಅರದಿಂದ ಒಂಚೂರು ಕೆರೆಯುವುದು, ಊದಿ ಕಿವಿಗೊಟ್ಟು ಕೇಳುವುದು, ಮತ್ತೆ ಕೆರೆಯುವುದು. ಕೊನೆಗೆ "ಬರೋಬರಿ ಆತು ನೋಡು" ಎಂದು ನನ್ನ ಬೆನ್ನು ತಟ್ಟಿದರು. ನನ್ನನ್ನು ಮಾಡಿಸಿದ್ದು ಒಂದು ನಾಟಕ ಕಂಪನಿಯ ರಾಜಪಾರ್ಟಿನ ನಟ. ಅದಕ್ಕೇ ನನ್ನದು ಕೆಳಗಿನ ಶ್ರುತಿ, ಗಂಡಸರ ಶ್ರುತಿ. ಆ ಪುಣ್ಯಾತ್ಮ ನನ್ನನ್ನು ಒಯ್ಯಲು ಬರಲೇ ಇಲ್ಲ. ಕಂಪನಿ ಮುಚ್ಚಿತಂತೆ.

ಹೀಗಾಗಿ ನಾನು ದಾವಣಗೆರೆಯ ಅನಸೂಯಮ್ಮನವರ ಮನೆ ಸೇರಿದೆ. ಅವರು ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದ ಟೀಚರು. ಅವರ ಅಣ್ಣ ಹುಬ್ಬಳ್ಳಿಗೆ ಹೋದವರು, ಅಂದ ನೋಡಿ ಕೊಂಡು ತಂದಿದ್ದರು. ಅನಸೂಯಮ್ಮ ತಿದಿ ಎಳೆದವರೇ ಹಣೆ ಚಚ್ಚಿಕೊಂಡರು. "ಅಯ್ಯೋ ಅಣ್ಣಾ, ಇದು ಗಂಡಸರ ಪೆಟ್ಟಿಗೆ! ಇದಕ್ಕೆ ಹಾಡಬೇಕು ಅಂದ್ರೆ ನಮ್ಮ ಹುಡುಗೀರು ಬಾವಿಗೆ ಇಳೀಬೇಕು." ಅಂದೇ ನನ್ನನ್ನು ಬೀರುವಿನ ಮೇಲೆ ಎಸೆದರು. ಕೆಳಗೆ ಎಳೆಯ ಗಂಟಲುಗಳು ಕೀಚಲು ಶ್ರುತಿಯಲ್ಲಿ ಸರಳೆ ಹೇಳುವುದನ್ನು ಕೇಳಿಕೊಂಡು ನಾನು ಧೂಳು ತಿಂದೆ.

ಆ ಕ್ಲಾಸಿಗೆ ವಿಶಾಲಾಕ್ಷಿ ಬರುತ್ತಿದ್ದಳು. ಎಲ್ಲರ ಬಾಯಲ್ಲೂ ವಿಶಾಲಿ. ಹತ್ತಿ ಮಿಲ್ಲಿನ ಫಿಟ್ಟರ್ ಒಬ್ಬರ ಮಗಳು. ಬಾಯಿ ತೆರೆದರೆ ದಪ್ಪ ದನಿ. ಮೇಲಿನ ಷಡ್ಜಕ್ಕೆ ಹೋಗು ಅಂದರೆ ಕತ್ತಿನ ನರ ಉಬ್ಬುತ್ತಿತ್ತೇ ಹೊರತು ಸ್ವರ ಬರುತ್ತಿರಲಿಲ್ಲ. ಪಕ್ಕದವರು ಕಿಸಿಕಿಸಿ ನಗುವರು. ಒಂದು ಮಧ್ಯಾಹ್ನ ಟೀಚರಿಗೆ ರೋಸಿಹೋಗಿ, ಬೀರುವಿನ ಮೇಲಿಂದ ನನ್ನನ್ನು ಇಳಿಸಿ, "ಇದಕ್ಕಾದರೂ ಹಾಡೇ ನೋಡೋಣ" ಎಂದರು. ವಿಶಾಲಿ ಹಾಡಿದಳು. ಅಬ್ಬಾ! ನನ್ನ ಒಳಗಿನ ರೀಡುಗಳೆಲ್ಲ ಜುಮ್ಮೆಂದವು. ಆ ದನಿ ನನ್ನ ಶ್ರುತಿಯ ಮೇಲೆ ಬಂದು ಕೂತದ್ದು ಎಷ್ಟು ಬಿಗಿಯಾಗಿತ್ತೆಂದರೆ, ನಡುವೆ ಒಂದು ಕೂದಲೂ ತೂರುತ್ತಿರಲಿಲ್ಲ.

ಅನಸೂಯಮ್ಮ ನನ್ನನ್ನು ಅವಳ ಕಡೆಗೆ ತಳ್ಳಿದರು. ಆಮೇಲೆ, "ಸ್ವರ ಅಪ್ಪಟವಾಗಿದೆ ಕಣೇ. ಆದರೆ ಹೆಣ್ಣುಮಗಳು, ಈ ಗಂಟಲನ್ನ ಯಾವ ವೇದಿಕೆ ಮೇಲೆ ಕೂರಿಸ್ಲಿ? ಪೆಟ್ಟಿಗೆ ತಗೊಂಡು ಹೋಗು. ನಿನಗೆ ಬಿಟ್ಟರೆ ಯಾರಿಗೂ ಇದು ಆಗಲ್ಲ" ಎಂದರು. ಹೊಗಳಿದರೋ ತೆಗಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ವಿಶಾಲಿ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಮನೆಗೆ ನಡೆದಳು.

ಅವಳು ಕಾಲೇಜಿಗೆ ಸೇರುವ ಹೊತ್ತಿಗೆ ಮಿಲ್ಲು ಮುಚ್ಚಿತು. ಮೊದಲು ನಿಂತದ್ದು ಮೂರನೇ ಪಾಳಿ, ರಾತ್ರಿಯ ಕೆಲಸ. ವಿಶಾಲಿಯ ಅಪ್ಪ, ಅವಳ ಓರಗೆಯ ಇಮ್ತಿಯಾಜನ ಅಪ್ಪ, ಹಾಲೇಶನ ಅಪ್ಪ ಮೂವರೂ ಅದೇ ಪಾಳಿಯವರು. ಮಕ್ಕಳು ಮೂವರೂ ಸೇರಿ ಒಂದು ಬ್ಯಾಂಡು ಕಟ್ಟಿದರು. ಹೆಸರು ಬೇರೆ ಹುಡುಕಲಿಲ್ಲ, 'ಮೂರನೇ ಪಾಳಿ' ಎಂದೇ ಇಟ್ಟರು. ಇಮ್ತಿಯಾಜ ಬಾಸ್ ಗಿಟಾರು. ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಡ್ರಮ್ಮು ಬಡಿದು ಪಳಗಿದ ಹಾಲೇಶ ಡ್ರಮ್ಮಿಗೆ. ವಿಶಾಲಿ ಹಾಡಿಗೆ. ಬೇರೆ ಬ್ಯಾಂಡುಗಳಲ್ಲಿ ಎರಡನೇ ಗಿಟಾರು ಮಾಡುವ ಕೆಲಸ ಇಲ್ಲಿ ನನ್ನದು! ಇಮ್ತಿಯಾಜನ ಚಿಕ್ಕಪ್ಪ ದುಬೈಯಿಂದ ತಂದ ಕ್ಯಾಸೆಟ್ಟುಗಳಲ್ಲಿ ಇಂಗ್ಲಿಷಿನವರು ಹೀಗೇ ಒರಟಾಗಿ, ಬೇಸರ ಬಂದವರ ಹಾಗೆ, ಆದರೆ ಸಿಟ್ಟು ಬಿಡದೆ ಬಾರಿಸುತ್ತಿದ್ದರು. ಅದಕ್ಕೆ ಪೋಸ್ಟ್-ಪಂಕ್ ಎನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷ ಆದಮೇಲೆ.

ಮಿಲ್ಲಿನ ಪಾಳುಬಿದ್ದ ಗೋದಾಮಿನಲ್ಲಿ, ಮಾರದೆ ಉಳಿದ ಹತ್ತಿಯ ಮೂಟೆಗಳ ನಡುವೆ, ಎರವಲು ತಂದ, ಟೇಪು ಸುತ್ತಿದ ಚಕ್ರ ತಿರುಗುವ ಸ್ಪೂಲ್ ಮೆಷಿನ್ನಿನಲ್ಲಿ ಮೊದಲ ಆಲ್ಬಮ್ಮು ರೆಕಾರ್ಡ್ ಆಯಿತು. ಹೆಸರು 'ಗೇಟ್ ಬಂದ್'. ಮೊದಲ ಹಾಡು ಶುರುವಾಗುವುದೇ ನನ್ನಿಂದ. ಸ್ವಲ್ಪ ಹೊತ್ತು ನಾನೊಬ್ಬನೇ ಗುಂಯ್ಯೆನ್ನುತ್ತೇನೆ, ಆಮೇಲೆ ಬಾಸು, ಆಮೇಲೆ ಡ್ರಮ್ಮು. ಕೊನೆಗೆ ವಿಶಾಲಿ ಬಂದು, 'ಗೇಟು ಬಂದಾಗಿದೆ, ಕಿವಿಯೊಳಗಿನ ಮಗ್ಗ ಬಂದಾಗಿಲ್ಲ' ಎಂದು ನೆಲದಡಿಯಿಂದ ಎದ್ದು ಬಂದವಳ ಹಾಗೆ ಹಾಡುತ್ತಾಳೆ. ಹಾಲೇಶ ಕೋಲು ಕೆಳಗಿಟ್ಟು, "ಏ, ನಾವೇನಾ ಇದು?" ಎಂದು ಕೇಳಿದ್ದು ಈಗಲೂ ನೆನಪಿದೆ.

ಸ್ಪೂಲು ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿಗೆ ಹೋಯಿತು. ಕೆಲವು ತಿಂಗಳಿಗೆ ಕ್ಯಾಸೆಟ್ಟು ಬಂತು. ಮೂವರೂ ವಿಶಾಲಿಯ ಮನೆಯಲ್ಲಿ ಸುತ್ತ ಕೂತರು. ಗುಂಡಿ ಒತ್ತಿದರು. ನಾನು ಗೋಡೆ ಪಕ್ಕದಲ್ಲಿದ್ದೆ. ಒಳಗಿಂದ ಯಾವುದೋ ಕೀರಲು ಪೆಟ್ಟಿಗೆ ಕೂಗಿಕೊಂಡಿತು. ಅಲ್ಲಾ, ಅದು ನಾನಲ್ಲ! ಆಮೇಲೆ ಯಾವುದೋ ಹುಡುಗಿ, ಸಪೂರ ದನಿಯವಳು, ಓಡೋಡುತ್ತ ವಿಶಾಲಿಯ ಹಾಡನ್ನು ಹಾಡಿದಳು. ಇಮ್ತಿಯಾಜ ಓಡಿಹೋಗಿ ಕಂಪನಿಗೆ ಫೋನು ಮಾಡಿದ. ಅಲ್ಲಿನ ಸಾಹುಕಾರರು ಹೇಳಿದ್ದನ್ನು ಬಂದು ಒಪ್ಪಿಸಿದ. "ಹೆಣ್ಣುಮಗಳ ದನಿ ಅಷ್ಟು ದಪ್ಪ ಇದ್ದರೆ ಯಾರು ಕೇಳ್ತಾರ್ರೀ? ಟೇಪನ್ನ ಸ್ವಲ್ಪ ಜೋರು ಓಡಿಸಿ ದನಿ ತೆಳ್ಳಗೆ ಮಾಡಿದ್ವಿ, ಅಷ್ಟೇ. ಈಗ ನೋಡಿ, ಎಷ್ಟು ಲಕ್ಷಣವಾಗೈತೆ!" ವಿಶಾಲಿ ಕ್ಯಾಸೆಟ್ಟು ನಿಲ್ಲಿಸಿದಳು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನನಗಾದ ಸಂಕಟ ಯಾರಿಗೆ ಹೇಳಲಿ?

ದುರಂತ ನೋಡಿ, ಆ ಕ್ಯಾಸೆಟ್ಟು ಜನಕ್ಕೆ ಹಿಡಿಸಿಬಿಟ್ಟಿತು. ಕಾಲೇಜು ಹಾಸ್ಟೆಲುಗಳಲ್ಲೆಲ್ಲ ಅದೇ. ಹಾಡಲು ಕರೆಗಳು ಬಂದವು. ಆದರೆ ವೇದಿಕೆಯಲ್ಲಿ ವಿಶಾಲಿ ಬಾಯಿ ತೆರೆದರೆ ಕೆಳಗಿನಿಂದ ಕೂಗು: "ಕ್ಯಾಸೆಟ್ಟಿನ ಹುಡುಗಿ ಎಲ್ಲಿ? ಇವಳು ಡೂಪ್ಲಿಕೇಟು!" ಪಾಪ, ಅವಳು ಆ ಹುಡುಗಿಯಂತೆ ಹಾಡಲು ಹೊರಟಳು. ತನ್ನದೇ ಕ್ಯಾಸೆಟ್ಟಿಗೆ ತಾನೇ ಮಿಮಿಕ್ರಿ ಮಾಡುವ ಗತಿ! ನನ್ನ ಶ್ರುತಿ ಅದಕ್ಕೆ ಹೊಂದದೆ ನನ್ನನ್ನು ಮನೆಯಲ್ಲೇ ಬಿಟ್ಟು ಹೋದಳು. ಕೊನೆಗೆ ಶಿವಮೊಗ್ಗದಲ್ಲಿ ಹಾಡಿನ ನಡುವೆ ಗಂಟಲು ಒಡೆದು ರಕ್ತ ಬಂತಂತೆ. ಅಲ್ಲಿಗೆ ಬ್ಯಾಂಡು ಮುಗಿಯಿತು.

ವಿಶಾಲಿಗೆ ಬಸ್ ಸ್ಟ್ಯಾಂಡಿನಲ್ಲಿ ಕೆಲಸ ಸಿಕ್ಕಿತು. "ಹರಿಹರ, ರಾಣೆಬೆನ್ನೂರು, ಹಾವೇರಿ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗುವ ಬಸ್ಸು" ಎಂದು ಮೈಕಿನಲ್ಲಿ ಹೇಳುವ ಕೆಲಸ. ಊರೆಲ್ಲ ಆ ದನಿಯನ್ನು ನಂಬಿ ಬಸ್ಸು ಹತ್ತಿತು, ಹಾಡಿನಲ್ಲಿ ಮಾತ್ರ ಯಾರೂ ನಂಬಲಿಲ್ಲ. ಯಾವುದಾದರೂ ಅಂಗಡಿಯಲ್ಲಿ 'ಗೇಟ್ ಬಂದ್' ಕೇಳಿಸಿದರೆ ಅವಳು ರಸ್ತೆ ದಾಟಿಬಿಡುತ್ತಿದ್ದಳಂತೆ. ನಾನು ಮಂಚದ ಕೆಳಗೆ ಮಲಗಿದೆ. ಮುಂದೆ ಅದೇ ಕಂಪನಿಯ ಸಾಹುಕಾರರ ಮಗ ಆಲ್ಬಮ್ಮನ್ನು ಸಿ.ಡಿ. ಮಾಡಿದ. ಏನೋ ಗುಂಯ್ಯೆನ್ನುವ ಗದ್ದಲ ಇದೆಯೆಂದು ಯಂತ್ರದಲ್ಲಿ ಹಾಕಿ ಆ ಗದ್ದಲವನ್ನು ಪೂರ್ತಿ ತೊಳೆದುಬಿಟ್ಟನಂತೆ. ಆ ಗದ್ದಲ ಯಾರು ಅಂತ ಬಿಡಿಸಿ ಹೇಳಬೇಕೇ? ಗದ್ದಲವಂತೆ, ಗದ್ದಲ!

ವರ್ಷಗಳು ಹೋದವು. ನನ್ನ ತಿದಿಯನ್ನು ಇಲಿ ಕಚ್ಚಿತು. ರಿಟೈರಾದ ಮೇಲೆ ಒಂದು ಬೆಳಗ್ಗೆ ವಿಶಾಲಿ ನನ್ನನ್ನು ಹೊರಗೆಳೆದು, ಒರೆಸಿ, ರಿಪೇರಿಯವನ ಹತ್ತಿರ ಒಯ್ದಳು. ಅವನು ತೂತಿಗೆ ತೊಗಲು ಅಂಟಿಸಿದ. ಆಮೇಲೆ ನನ್ನ ಹಲಗೆ ಬಿಚ್ಚಿ, ಕೈಯಲ್ಲಿ ಅರ ಹಿಡಿದು, "ಈ ಶ್ರುತಿ ಈಗಿನ ಲೆಕ್ಕಕ್ಕೆ ಒಂಚೂರು ಹೆಚ್ಚುಕಮ್ಮಿ ಐತಕ್ಕ, ಕೆರೆದು ಸರಿ ಮಾಡ್ತೀನಿ" ಎಂದ. ಅರ ನನ್ನ ರೀಡಿಗೆ ತಾಗುವುದೊಂದೇ ಬಾಕಿ.

"ಏಯ್, ಮುಟ್ಟಬೇಡ!" ವಿಶಾಲಿ ಬಸ್ ಸ್ಟ್ಯಾಂಡಿನ ದನಿಯಲ್ಲಿ ಗದರಿದಳು. "ಅದು ಹೆಂಗೈತೋ ಹಂಗೇ ಇರ್ಲಿ. ಅದನ್ನ ಸರಿ ಮಾಡೋಕೆ ನೀನ್ಯಾರು?" ಅವನು ಬೆಚ್ಚಿ ಅರ ಕೆಳಗಿಟ್ಟ. ಆ ತಾಯಿಯ ಹಟ ನನ್ನನ್ನು ಉಳಿಸಿತು.

ಅದಾದ ಸ್ವಲ್ಪ ದಿನಕ್ಕೆ ಇಮ್ತಿಯಾಜ ಮನೆಗೆ ಬಂದ. ಗಡ್ಡ ಬೆಳ್ಳಗಾಗಿತ್ತು, ಉತ್ಸಾಹ ಹಾಗೇ ಇತ್ತು. "ವಿಶಾಲಿ, ನಮ್ಮ ಸ್ಪೂಲು ಸಿಕ್ಕೈತಿ! ಮುಚ್ಚಿದ ಕಂಪನಿಯ ಸಾಮಾನಿನಾಗ ಇತ್ತು. ಬೆಂಗಳೂರಿನ ಹುಡುಗರು ಎಲ್.ಪಿ. ಮಾಡ್ತಾರಂತೆ." ಆದರೆ ಒಂದು ತಕರಾರಿತ್ತು. ಆ ಕ್ಯಾಸೆಟ್ಟಿನ ಪರಮ ಭಕ್ತ ಸುಧೀಂದ್ರ ಎಂಬುವನು, ಹಾಡಿದ್ದು ವಿಶಾಲಾಕ್ಷಿ ಅಲ್ಲವೇ ಅಲ್ಲ ಎಂದು ವರ್ಷಗಟ್ಟಲೆ ಇಂಟರ್ನೆಟ್ಟಿನಲ್ಲಿ ವಾದಿಸುತ್ತಿದ್ದ. ಊರಲ್ಲೇ ಸಭೆ ಸೇರಿಸಿ ಎಲ್ಲ ಆವೃತ್ತಿಗಳನ್ನೂ ಒಟ್ಟಿಗೆ ಕೇಳೋಣ, ಯಾವುದು ನಿಜವೋ ಅದನ್ನೇ ಎಲ್.ಪಿ. ತಟ್ಟೆಗೆ ಒತ್ತೋಣ, ಅನುಮಾನ ಉಳಿದರೆ ಜನರಿಗೆ ಗೊತ್ತಿರುವ ಕ್ಯಾಸೆಟ್ಟೇ ಇರಲಿ ಎಂದು ಬೆಂಗಳೂರಿನವರು ತೀರ್ಮಾನಿಸಿದ್ದರು. ವಿಶಾಲಿಯ ಮುಖ ಬಿಳಿಚಿತು. ಈ ಸಲವೂ ಆ ಹುಡುಗಿಯೇ ಗೆದ್ದರೆ ತಾನು ಹಾಡಿದ್ದಕ್ಕೆ ಭೂಮಿಯ ಮೇಲೆ ಗುರುತೇ ಇರುವುದಿಲ್ಲ.

ಸಭೆಯ ದಿನ ನನ್ನನ್ನು ಹಳೇ ಸಾಮಾನೆಂದು ಮೇಜಿನ ಮೂಲೆಯಲ್ಲಿ ಪ್ರದರ್ಶನಕ್ಕಿಟ್ಟರು. ಮೊದಲು ಸುಧೀಂದ್ರ ತನ್ನದೇ ಡೆಕ್ಕಿನಲ್ಲಿ ಕ್ಯಾಸೆಟ್ಟು ಹಾಕಿದ. ಚುರುಕಾಗಿದೆ, ಒಪ್ಪುತ್ತೇನೆ, ಜನ ಕಾಲು ಕುಟ್ಟಿದರು. ಆಮೇಲೆ ಸಿ.ಡಿ. ಆಸ್ಪತ್ರೆಯ ನೆಲದಷ್ಟು ಸ್ವಚ್ಛ, ನಾನೇ ಇಲ್ಲ. ಕೊನೆಗೆ ಸ್ಪೂಲು. ಬಾಸು ನೆಲ ಅದುರಿಸಿತು, ಡ್ರಮ್ಮು ತೂಕದಿಂದ ಬಿತ್ತು, ವಿಶಾಲಿಯ ದನಿ ತನ್ನ ಪೂರ್ತಿ ಎತ್ತರದಲ್ಲಿ ಎದ್ದು ನಿಂತಿತು.

ಸುಧೀಂದ್ರ ಎದ್ದ. "ಅದ್ಭುತವಾಗಿದೆ, ಇಲ್ಲ ಅನ್ನಲ್ಲ. ಆದರೆ ಮೆಷಿನ್ನು ಹಳೇದು, ನಿಧಾನ ತಿರುಗುತ್ತಿರಬಹುದು. ನಿಧಾನ ಮಾಡಿದರೆ ಯಾರ ದನಿ ಬೇಕಾದರೂ ದಪ್ಪ ಆಗುತ್ತೆ. ಇದೇ ನಿಜ ಅನ್ನೋಕೆ ಏನು ಆಧಾರ?" ಬೆಂಗಳೂರಿನ ಹುಡುಗರು ಮುಖ ಮುಖ ನೋಡಿಕೊಂಡರು.

ವಿಶಾಲಿ ಎದ್ದು ಬಂದಳು. ನನ್ನನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. "ಅವತ್ತು ಹಾಡಿದ ಪೆಟ್ಟಿಗೆ ಇದು. ಇದರ ರೀಡು ಯಾರೂ ಮುಟ್ಟಿಲ್ಲ. ಇದರ ಜೊತೆ ಯಾವುದು ಕೂಡ್ತೈತೋ ಅದೇ ನಿಜ" ಎಂದು ತಿದಿ ಎಳೆದಳು. ಹೇಗೆ ಹಾಡಿದೆ ಅಂತೀರಿ! ಇಡೀ ಜನ್ಮದ ಗಾಳಿಯನ್ನು ಅಂದೇ ಉಸಿರಾಡಿದೆ.

ಕ್ಯಾಸೆಟ್ಟಿನ ಶುರುವನ್ನು ಹಾಕಿದರು. ಅದರೊಳಗಿನ ಕೀರಲು ಪೆಟ್ಟಿಗೆಗೂ ನನಗೂ ಹಾದಿಬೀದಿ ಜಗಳ. ಜನ ಕಿವಿ ಮುಚ್ಚಿಕೊಂಡರು. ಸಿ.ಡಿ. ಹಾಕಿದಾಗ ಹಾಲೇಶ ಹಿಂದಿನ ಸಾಲಿನಿಂದ, "ಇದರಾಗೆ ಪೆಟ್ಟಿಗೆನೇ ಇಲ್ಲಲೇ! ಸಾಕ್ಷಿನ ಮೊದಲೇ ಊರು ಬಿಡಿಸ್ಯಾರ!" ಎಂದು ಕೂಗಿದ. ಸಭೆ ಗೊಳ್ಳೆಂದಿತು. ಸ್ಪೂಲು ತಿರುಗಿತು. ಅದರೊಳಗಿನ ನಾನೂ ತೊಡೆಯ ಮೇಲಿನ ನಾನೂ ಒಂದಾದೆವು. ವಿಶಾಲಿ ತಿದಿ ನಿಲ್ಲಿಸಿದ್ದು ಯಾರಿಗೂ ತಿಳಿಯಲೇ ಇಲ್ಲ.

ಸುಧೀಂದ್ರ ಮೆಲ್ಲಗೆ ತನ್ನ ಡೆಕ್ಕಿನ ಬಳಿ ಹೋದ. ಅದರಲ್ಲಿ ವೇಗ ಇಳಿಸುವ ತಿರುಗುಗುಂಡಿ ಇತ್ತು. "ಮೇಡಂ, ಇನ್ನೊಮ್ಮೆ ಪೆಟ್ಟಿಗೆ ನುಡಿಸಿ" ಎಂದು ಕ್ಯಾಸೆಟ್ಟು ಹಾಕಿ, ಗುಂಡಿಯನ್ನು ಇಷ್ಟಿಷ್ಟೇ ತಿರುಗಿಸಿದ. ಕೀರಲು ಪೆಟ್ಟಿಗೆ ಮೆಟ್ಟಿಲಿಳಿಯುತ್ತ ನನ್ನ ಕಡೆ ಬಂತು. ಜಗಳ ಕಡಿಮೆಯಾಯಿತು, ಕಡಿಮೆಯಾಯಿತು, ನಿಂತಿತು. ಅಷ್ಟರಲ್ಲಿ ಹಾಡು ಬಂತು. ಅವನು ಹರೆಯವೆಲ್ಲ ಆರಾಧಿಸಿದ ಆ ಸಪೂರ ಹುಡುಗಿ ಸಭೆಯ ಕಣ್ಣೆದುರೇ ವಿಶಾಲಿಯಾದಳು! ಅದೇ ಗಳಿಗೆಗೆ ವಿಶಾಲಿ ಬಾಯಿ ತೆರೆದಳು. ಕ್ಯಾಸೆಟ್ಟಿನ ವಿಶಾಲಿ, ಎದುರಿನ ವಿಶಾಲಿ, ಎರಡೂ ಒಂದೇ ಗಂಟಲು. ಹಾಲೇಶ ಕುರ್ಚಿಯ ಬೆನ್ನು ಬಡಿದು ತಾಳ ಹಾಕಿದ. ಜನ ಎದ್ದು ನಿಂತು ಸೀಟಿ ಹೊಡೆದರು. ಸುಧೀಂದ್ರ ಕಣ್ಣೊರೆಸಿಕೊಂಡು, "ತಪ್ಪಾಯ್ತು ಅಕ್ಕಾ, ಇಷ್ಟು ವರ್ಷ ನಿಮ್ಮನ್ನೇ ಕೇಳ್ತಾ ನಿಮ್ಮನ್ನೇ ಇಲ್ಲ ಅಂದೆ" ಎಂದ. "ಅಳಬೇಡಪ್ಪಾ, ಮೊದಲು ಆ ಗುಂಡಿ ಅಲ್ಲೇ ಗಟ್ಟಿಯಾಗಿ ಹಿಡ್ಕೋ" ಎಂದಳು ವಿಶಾಲಿ. ನಗುವಿನಲ್ಲಿ ಛಾವಣಿ ಹಾರಿಹೋಗುವುದೊಂದು ಬಾಕಿ.

ಈಗ ನಾನು ಅವಳ ಮನೆಯ ನಡುಮನೆಯಲ್ಲಿ, ಕಿಟಕಿ ಪಕ್ಕದ ಸ್ಟೂಲಿನ ಮೇಲಿದ್ದೇನೆ. ವಯಸ್ಸಾಗಿದೆ, ಹೊಸ ತೊಗಲು ಬಿಟ್ಟರೆ ಮೈಯೆಲ್ಲ ಹಳೇದು. ಆದರೆ ಹೆಮ್ಮೆಗೇನೂ ಕಮ್ಮಿ ಇಲ್ಲ. ಒಂದೇ ಮಾತಿಗೆ ಅಂಟಿಕೊಂಡವನನ್ನು ಜನ ದಡ್ಡ ಎನ್ನುತ್ತಾರೆ, ನಿಜ. ಕೆಲವು ಸಲ ಆ ಒಂದೇ ಮಾತೇ ಸಾಕಾಗುತ್ತದೆ. ಎಲ್.ಪಿ. ಮನೆಗೆ ಬಂದ ಬೆಳಗ್ಗೆ ವಿಶಾಲಿ ಕಿಟಕಿ ಬಾಗಿಲೆಲ್ಲ ತೆರೆದು, ಸದ್ದು ಜೋರು ಮಾಡಿ ಹಾಕಿದಳು. ನಾನು ಗುಂಯ್ಯೆಂದೆ, ಬಾಸು ಬಂತು, ಡ್ರಮ್ಮು ಬಂತು, ಆ ದಪ್ಪ ದನಿ ಬೀದಿಗೆ ಹರಿಯಿತು. ಹೂ ಮಾರುವ ಹಾಲಮ್ಮ ಬುಟ್ಟಿ ಇಳಿಸಿ, ಕಿಟಕಿಯಲ್ಲಿ ಇಣುಕಿ, "ಯವ್ವಾ, ಎಂಥಾ ದನಿ! ಯಾರು ಹಾಡಿರೋದು ಇದನ್ನ?" ಎಂದು ಕೇಳಿದಳು.

"ನಾನೇ" ಎಂದಳು ವಿಶಾಲಿ.