ಕಂಬಳಿ ಬೂಟು

ಕಾಂತಿಗೆ ಅಳು ಬರಲಿಲ್ಲ ಎಂಬುದು ಫರಂಗಿಪೇಟೆಗೆಲ್ಲ ಗೊತ್ತಿದ್ದ ಸಂಗತಿ. ಗಂಡ ಶೇಖರ ಪಾಸ್‌ಪೋರ್ಟಿನ ಅಳತೆಯ ಫೋಟೋ ತೆಗೆಸಲಿಕ್ಕೆಂದು ಬಿ.ಸಿ.ರೋಡಿಗೆ ಹೋದವನು ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಎದೆ ಹಿಡಿದು ಕುಳಿತ, ಮತ್ತೆ ಏಳಲಿಲ್ಲ. ಸುದ್ದಿ ಬಂದಾಗ ಕಾಂತಿ ಗ್ಯಾಸ್ ಆರಿಸಿದಳು, ಬಾಗಿಲಿಗೆ ಬೀಗ ಹಾಕಿದಳು, ರಿಕ್ಷಾ ಹತ್ತಿದಳು. ಅಳಲಿಲ್ಲ. 'ಎಂಥ ಗಟ್ಟಿ ಹೆಂಗಸು ಮಾರಾಯ' ಅಂತ ಜನ ಆಡಿಕೊಂಡರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಇರಲಿಲ್ಲ, ಅಷ್ಟೆ.

ಅದಾದರೂ ಹೋಗಲಿ. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಸತ್ತವರಿಗೆ ಎಲೆ ಬಡಿಸಿ, ಬಾಗಿಲು ತೆರೆದಿಟ್ಟು, 'ಒಳಗೆ ಬನ್ನಿ' ಎಂದು ಮನೆಯವರೇ ಕರೆಯುವ ಕ್ರಮ ಉಂಟಲ್ಲ? ಕರೆದರೆ ಅವರು ಒಳಗೆ ಬಂದು ಹಿರಿಯರ ಜೊತೆ ಸೇರುತ್ತಾರೆ. ಕರೆಯದಿದ್ದರೆ ಅಂಗಳದಲ್ಲೇ ನಿಲ್ಲುತ್ತಾರೆ. ಎಲ್ಲರೂ ಕಾಂತಿಯ ಮುಖ ನೋಡಿದರು. ಅವಳು ಬಾಯಿ ತೆರೆದಳು. ಸ್ವರವೇ ಹೊರಡಲಿಲ್ಲ. ಕಾದು ಕಾದು ಕೊನೆಗೆ ಶೇಖರನ ಅಣ್ಣ ರುಕ್ಮಯ್ಯ ತಾನೇ ಕರೆದ. ಗಂಡ ಒಳಗೆ ಬಂದನೋ, ಅಂಗಳದಲ್ಲೇ ಉಳಿದನೋ, ಕಾಂತಿಗೆ ಗೊತ್ತಾಗಲಿಲ್ಲ. ಆಮೇಲಿನ ದಿನಗಳಲ್ಲಿ ಅನ್ನಕ್ಕೆ ಉಪ್ಪು ಹಾಕಿದ್ದಾಳೋ ಇಲ್ಲವೋ ಎಂಬುದೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಈಗ ಆ ಮನೆಯೇ ಹೋಗುವುದಿತ್ತು. ಹೆದ್ದಾರಿ ಅಗಲ ಮಾಡುವವರು ಗೋಡೆಗೆ ಕೆಂಪು ಗೀಟು ಎಳೆದು ಹೋಗಿ ಬಹಳ ಕಾಲವಾಗಿತ್ತು. ನಾಳೆ ಬೆಳಿಗ್ಗೆ ಜೆಸಿಬಿ ಬರುತ್ತದೆ. ಮಗಳು ಪ್ರಾಪ್ತಿ ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮಾಡುವವಳು. ಅಲ್ಲೇ ತನ್ನ ಫ್ಲ್ಯಾಟಿನ ಪಕ್ಕದ್ದನ್ನು ಅಮ್ಮನಿಗೆ ಗೊತ್ತುಮಾಡಿದ್ದಳು. ಅಬ್ದುಲ್ ಶುಕೂರನ ಟೆಂಪೋಕ್ಕೆ ಸಾಮಾನು ತುಂಬಿಸುತ್ತಿದ್ದರು.

"ಬಾವ, ಇವರನ್ನು ಈ ಮನೆಗೆ ಕರೆದದ್ದಲ್ವಾ? ಮನೆಯೇ ಇಲ್ಲದಿದ್ದರೆ ಇವರು ಎಲ್ಲಿ?" ಎಂದು ಕಾಂತಿ ಮಧ್ಯಾಹ್ನ ಒಮ್ಮೆ ರುಕ್ಮಯ್ಯನನ್ನು ಕೇಳಿದಳು. ಹವಾಮಾನ ಕೇಳಿದ ಹಾಗೆ ಕೇಳಿದಳು.

"ಅದಕ್ಕೆಲ್ಲ ಕ್ರಮ ಉಂಟು ಕಾಂತಿ. ಭಟ್ಟರ ಹತ್ತಿರ ಮಾತಾಡ್ತೇನೆ, ಆಟಿ ಕಳೆಯಲಿ," ಎಂದ ರುಕ್ಮಯ್ಯ.

ಶುಭಕಾರ್ಯಗಳಿಗೆ ಆಗದ ಆಟಿ ತಿಂಗಳು ಕಳೆಯುವವರೆಗೆ ಆ ಮನುಷ್ಯ ಎಲ್ಲಿ ನಿಲ್ಲಬೇಕು, ಡಾಮರಿನ ಮೇಲಾ? ಹಾಗೆ ಕೇಳಬೇಕೆಂದು ಕಾಂತಿಗೆ ಅನಿಸಿತು. ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿದಳು.

ಆ ಮನುಷ್ಯನೋ, ಬದುಕಿದ್ದಾಗ ಒಂದು ಕಡೆ ನಿಂತವನಲ್ಲ! ದುಬಾಯಿಯ ಹೋಟೆಲಿನಲ್ಲಿ ರಷ್ಯಾದ ಪ್ರವಾಸಿಗಳಿಗೆ ತಿಂಡಿ ಬಡಿಸಿ ಬಡಿಸಿ ಅವನಿಗೆ ರಷ್ಯಾದ ಹುಚ್ಚು ಹತ್ತಿತ್ತು. ಊರಿಗೆ ಬಂದ ಮೇಲೆ ದಿನಾ ಸಂಜೆ ಚಾವಡಿಯಲ್ಲಿ ಅದೇ ಪುರಾಣ. ಅಲ್ಲಿ ಒಬ್ಬಳು ರಾಣಿ ಇದ್ದಳಂತೆ, ತನ್ನ ವಿದೂಷಕನ ಮದುವೆಗೆ ಇಡೀ ಮನೆಯನ್ನೇ ಮಂಜುಗಡ್ಡೆಯಲ್ಲಿ ಕಟ್ಟಿಸಿದಳಂತೆ, ಮಂಚವೂ ಮಂಜು, ತಲೆದಿಂಬೂ ಮಂಜು. "ಬೆಳಿಗ್ಗೆ ನೆಲ ಒರೆಸುವುದು ಯಾರು?" ಅಂತ ಕಾಂತಿ. ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸಿ ಕಪ್ಪು ಡಬ್ಬಿಯ ಮೇಲೆ ಕಥೆಯ ಚಿತ್ರ ಬರೆಯುವ ಊರೊಂದು ಉಂಟಂತೆ. "ವಾಸನೆ ಬರುವುದಿಲ್ವಾ?" ಕಾಡಿನ ಮುದುಕಿ ಯಾಗಾಳ ಗುಡಿಸಲಿಗೆ ಕೋಳಿಕಾಲು ಉಂಟಂತೆ. ಅದು ಕೇಳಿ ಕಾಂತಿ, "ಅಂಥದ್ದು ನಮ್ಮದೂ ಆಗಿದ್ದರೆ ರೋಡಿನವರು ಬಂದಾಗ ಎದ್ದು ಹೋಗ್ತಿತ್ತು," ಎಂದಿದ್ದಳು. ಶೇಖರ ಬಿದ್ದು ಬಿದ್ದು ನಕ್ಕಿದ್ದ.

ಚಳಿಗಾಲಕ್ಕೆ ಇಬ್ಬರೂ ಹೋಗುವುದೆಂದು ನಿಶ್ಚಯವಾಗಿತ್ತು. ಹಳೆಯ ಸ್ನೇಹಿತನೊಬ್ಬನ ಕೈಯಲ್ಲಿ ಅಲ್ಲಿಯ ಬೂಟನ್ನೂ ತರಿಸಿದ್ದ. ಕುರಿಯ ಉಣ್ಣೆ ಬಡಿದು ಮಾಡಿದ್ದು, ಮೊಣಕಾಲಿನವರೆಗೆ ಬರುವಂಥದ್ದು, ದಪ್ಪ ಕಂಬಳಿಯ ಹಾಗೆ. ಹದ ಆಗಬೇಕೆಂದು ಬೇಸಗೆಯ ಸೆಕೆಯಲ್ಲಿ, ಲುಂಗಿಯ ಕೆಳಗೆ ಅದನ್ನು ಹಾಕಿ ಚಾವಡಿಯಲ್ಲಿ ಓಡಾಡಿದ್ದ! ಬೆವರು ಧಾರಾಕಾರ.

"ಕಾಂತಿಯಕ್ಕಾ, ಇದು ಬಿಸಾಡುವುದಾ?"

ಅಬ್ದುಲ್ ಶುಕೂರನ ಕೈಯಲ್ಲಿ ಅದೇ ಬೂಟು, ಒಂಟಿ. ಬೇಡದ ಸಾಮಾನಿನ ರಾಶಿಯಿಂದ ಎತ್ತಿದ್ದ. ಮೂಡುಬಿದಿರೆಯಲ್ಲಿ ಯಾರಿಗೆ ಬೇಕು ಎಂದು ಪ್ರಾಪ್ತಿ ಎಸೆದಿದ್ದಳು.

ಕಾಂತಿ ಅದನ್ನು ತೆಗೆದುಕೊಂಡಳು. ಹಿಮ್ಮಡಿಯ ಹತ್ತಿರ ಸ್ವಲ್ಪ ತಗ್ಗಾಗಿತ್ತು. ಕಾಲಿನ ಗುರುತು. ಬೂಟು ತರಿಸಿದ ದಿನ ಶೇಖರ ಹೇಳಿದ್ದು ನೆನಪಾಯಿತು: "ಅವರಿಗೂ ಮನೆಗೊಬ್ಬ ಅಜ್ಜ ಉಂಟು ಮಾರಾಯ್ತಿ, ದೊಮೊವೊಯ್ ಅಂತ. ಮನೆಯ ಹಿರಿಯನೇ. ಒಲೆಯ ಹಿಂದೆ ಕೂತು ಮನೆ ಕಾಯ್ತಾನೆ. ಮನೆ ಬಿಡುವಾಗ ಹಳೆ ಬೂಟು ಇಟ್ಟು, 'ಅಜ್ಜಾ, ನಾವು ಹೊರಟೆವು, ನೀನೂ ಬಾ' ಅಂತ ಕರೆದರೆ ಅದರೊಳಗೆ ಕೂತು ಬರ್ತಾನೆ. ಕರೆಯದಿದ್ದರೆ ಪಾಪ, ಖಾಲಿ ಮನೆಯಲ್ಲಿ ಅಳ್ತಾ ಇರ್ತಾನೆ."

ಕಾಂತಿ ಒಳಗೆ ಹೋಗಿ ಬೂಟನ್ನು ಹೊಸ್ತಿಲಿನ ಒಳಬದಿಗೆ ನಿಲ್ಲಿಸಿದಳು, ಬೊಜ್ಜದ ದಿನ ಎಲೆ ಹಾಕಿದ್ದ ಜಾಗದಲ್ಲೇ.

ರುಕ್ಮಯ್ಯ ಹೌಹಾರಿದ. "ಏನಿದು? ಹೊಸ್ತಿಲಲ್ಲಿ ಚಪ್ಪಲಿ!"

"ಇವರನ್ನು ಕರೆಯುವುದು."

"ಚಪ್ಪಲಿಗಾ? ಸತ್ತವನನ್ನು ಚಪ್ಪಲಿಗೆ ಕರೆಯುವುದಾ? ಎಲೆಗೆ ಕರೆದದ್ದು ಅವನನ್ನು! ಯಾವ ಊರಿನ ಕ್ರಮ ಇದು?"

"ಅವರು ಹೇಳಿಕೊಟ್ಟ ಕ್ರಮ. ಬದುಕಿದ್ದರೆ ಅವರೇ ಹೀಗೆ ಮಾಡ್ತಿದ್ರು."

"ಅಮ್ಮ..." ಎಂದು ಪ್ರಾಪ್ತಿ ಹತ್ತಿರ ಬಂದಳು. ಕಾಂತಿ ಅವಳ ಕೈ ಸರಿಸಿದಳು. ಬಾಯಿ ತೆರೆದಳು. ಮತ್ತೆ ಅದೇ, ಗಂಟಲಿನಲ್ಲಿ ಏನೂ ಇಲ್ಲ. ಹೊರಗೆ ಟ್ಯಾಂಕರೊಂದು ಹೋಯಿತು, ಗೋಡೆ ಅದುರಿತು. ಶುಕೂರ ಹಾರ್ನ್ ಒತ್ತಿದ. ಎಲ್ಲರೂ ಕಾಯುತ್ತಿದ್ದರು. ಹೀಗೇ ಅಲ್ಲವೇ, ಯಾವತ್ತೂ? ಎಲ್ಲಿಗೆ ಹೊರಟರೂ ಎಲ್ಲರೂ ಗೇಟಿನಲ್ಲಿ, ಈ ಮನುಷ್ಯ ಒಬ್ಬ ಒಳಗೆ ಬಾಚಣಿಗೆ ಹುಡುಕುತ್ತಾ! ಬಸ್ಸು ಎಷ್ಟು ತಪ್ಪಿಸಿದ್ದಾನೆ. ಆವತ್ತು ಬಿ.ಸಿ.ರೋಡಿಗೆ ಹೊರಡುವಾಗ ಮಾತ್ರ ಯಾರಿಗೂ ಕಾಯದೆ, ಒಂದು ಮಾತೂ ಹೇಳದೆ ಹೋದ. ಕಾಂತಿಗೆ ಸಿಟ್ಟು ಬಂತು. ಎಷ್ಟೋ ದಿನಗಳ ಮೇಲೆ ಏನೋ ಒಂದು ಬಂತು.

"ಓಯ್!" ಅವಳು ಕೂಗಿದ್ದು ಗೇಟಿನವರೆಗೆ ಕೇಳಿಸಿತು. "ಎಷ್ಟು ಹೊತ್ತು ನಿಮ್ಮದು? ಟೆಂಪೋ ನಿಂತುಂಟು, ಜನ ಕಾಯ್ತಾ ಇದ್ದಾರೆ, ಮರ್ಯಾದೆ ಉಂಟಾ ನಿಮಗೆ? ಮನೆ ನಾಳೆ ಹೋಗ್ತದೆ. ಬನ್ನಿ, ಹೋಗುವ!"

ಕಾಂತಿ ಬಗ್ಗಿ ಬೂಟನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಒತ್ತಿಕೊಂಡಳು, ತಿರುಗಿ ನೋಡದೆ ಅಂಗಳಕ್ಕಿಳಿದಳು. ಟೆಂಪೋದ ಮುಂದಿನ ಸೀಟಿನಲ್ಲಿ ಕುಳಿತು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಉಣ್ಣೆ ಚುಚ್ಚುತ್ತಿತ್ತು, ಸೆಕೆಯಾಗುತ್ತಿತ್ತು. ಸೆಕೆ ಎಂಬುದು ಅವಳಿಗೆ ಗೊತ್ತಾಯಿತು.

ರುಕ್ಮಯ್ಯ ಬಂದು ಕಿಟಕಿಯ ಹತ್ತಿರ ನಿಂತ. ಬೂಟನ್ನು ನೋಡಿದ. ಬೈಯುತ್ತಾನೆ ಎಂದುಕೊಂಡಳು.

"ಇನ್ನೊಂದು ಎಲ್ಲಿ?" ಎಂದ ಅವನು.

"ಗೊತ್ತಿಲ್ಲ ಬಾವ. ಆ ರಾಶಿಯಲ್ಲಿ ಇರಬಹುದು."

"ಮತ್ತೆ? ಒಂದೇ ಬೂಟಿನಲ್ಲಿ ಅವನು ಹೇಗೆ ಬರುವುದು, ಕುಂಟಿಕೊಂಡಾ?"

ಅಷ್ಟು ಹೇಳಿ ರುಕ್ಮಯ್ಯ ಪಂಚೆ ಎತ್ತಿಕಟ್ಟಿ, ಮುರಿದ ಕುರ್ಚಿ, ಹರಿದ ಚಾಪೆಗಳ ರಾಶಿಗೆ ಇಳಿದ. ಒಂದೊಂದೇ ಎತ್ತಿ ಬದಿಗೆ ಎಸೆಯುತ್ತಾ ತಮ್ಮನ ಬೂಟು ಹುಡುಕತೊಡಗಿದ. ಬಿಳಿ ತಲೆಯ ಮನುಷ್ಯ ಆ ಕಸದಲ್ಲಿ ಬಗ್ಗಿ ಬಗ್ಗಿ ಹುಡುಕುವುದನ್ನು ಕಿಟಕಿಯಿಂದ ನೋಡುತ್ತಾ ಕಾಂತಿ ಅಳತೊಡಗಿದಳು. ಶುಕೂರ ಎಂಜಿನ್ ಆರಿಸಿದ.