ದುಂಡಿಯ ಹಿಂದಿನ ದೀಪ

ಅತ್ತೆಯ ಕಾರಿಗೆ ಹಿಂದಿನಿಂದ ಗುದ್ದಿದವಳು ಅತ್ತೆಯ ಹತ್ತಿರವೇ ಕಾರು ಓಡಿಸಲು ಕಲಿತವಳು. ಗುದ್ದಿದ್ದಕ್ಕಿಂತ ಅದೇ ಅತ್ತೆಯನ್ನು ಹೆಚ್ಚು ಚುಚ್ಚುತ್ತಿತ್ತು.

ಅತ್ತೆ ಊರಿನ ಅರ್ಧ ಹೆಂಗಸರಿಗೆ ಡ್ರೈವಿಂಗ್ ಕಲಿಸಿದಾಕೆ. ಕಲಿಸಿದ್ದೆಲ್ಲ ದುಂಡಿಯಲ್ಲಿ. ದುಂಡಿ ಅಂದರೆ ಅವರ ಹಳೆಯ ಕಾರು. ಮೂತಿ, ಬೆನ್ನು, ಬಾಗಿಲು, ಎಲ್ಲವೂ ದುಂಡಗೆ ಉಬ್ಬಿಕೊಂಡಿದ್ದರಿಂದ ಆ ಹೆಸರು. ಅದನ್ನು ತಯಾರಿಸಿದ ಕಾರ್ಖಾನೆ ಮುಚ್ಚಿಹೋಗಿ ಎಷ್ಟೋ ಕಾಲವಾಗಿತ್ತು, ದುಂಡಿ ಮಾತ್ರ ಗುರುಗುಟ್ಟುತ್ತ ಓಡಾಡಿಕೊಂಡೇ ಇತ್ತು. ಅಂಥ ದುಂಡಿ ಸಿಗ್ನಲಿನಲ್ಲಿ ಸಭ್ಯವಾಗಿ ನಿಂತಿದ್ದಾಗ ಬೇಕರಿಯಾಕೆ ತನ್ನ ವ್ಯಾನಿನಲ್ಲಿ ಬಂದು ಹಿಂದಿನಿಂದ ಮುತ್ತಿಕ್ಕಿದ್ದಳು.

"ಬ್ರೇಕ್ ಲೈಟ್ ಕಾಣಿಸಲೇ ಇಲ್ಲ ಮೇಡಂ," ಅಂದಳಂತೆ ಬೇಕರಿಯಾಕೆ. "ಮುಂದಿನ ಗಾಡಿಯ ಕೆಂಪು ದೀಪ ನೋಡ್ಕೊಂಡು ಓಡಿಸು ಅಂತ ನೀವೇ ಅಲ್ವಾ ಹೇಳಿಕೊಟ್ಟಿದ್ದು?"

ಮಾತಿನಲ್ಲಿ ಸೋತಾಗ ಅತ್ತೆ ಮನೆಯಲ್ಲಿ ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದರು. ಆ ಸಂಜೆ ಇಡೀ ಅಡುಗೆಮನೆ ಕಂಚಿನ ತಾಳದ ಹಾಗೆ ಮೊಳಗಿತು.

ಸೊಸೆ ತನ್ನ ಪಾಡಿಗೆ ಕೆಲಸ ಮುಂದುವರಿಸಿದಳು. ಅವಳ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಮನೆಯ ಮುಂದಿನ ಕೋಣೆಯೇ ಅವಳ ಕಾರ್ಖಾನೆ. ಡಾಕ್ಟರುಗಳು ಅಚ್ಚು ಕಳಿಸುತ್ತಾರೆ, ಅವಳು ಒಸಡು ಕೂರಿಸಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತಾಳೆ. ಅವಳ ಮೇಜಿನ ಮೇಲೆ ಸದಾ ನಾಲ್ಕಾರು ಬಾಯಿಗಳು ನಗುತ್ತಿರುತ್ತವೆ. ಅತ್ತೆಯ ಬಾಯಿಯಲ್ಲಿದ್ದದ್ದೂ ಅವಳು ಮಾಡಿದ ಸೆಟ್ಟೇ. ಅದು ಕಚ್ಚುತ್ತದೆ ಎಂದು ಅತ್ತೆ ಪಕ್ಕದ ಮನೆಯವರಿಗೆ, ಔಷಧಿ ಅಂಗಡಿಯವನಿಗೆ, ಫೋನಿನಲ್ಲಿ ತಂಗಿಗೆ, ಎಲ್ಲರಿಗೂ ಹೇಳಿದ್ದರು. ಸೊಸೆಗೆ ಮಾತ್ರ ಹೇಳಿರಲಿಲ್ಲ. ಸೊಸೆಯೂ ಕೇಳಿಸಿಕೊಳ್ಳದವಳಂತೆ ಇದ್ದುಬಿಟ್ಟಿದ್ದಳು. ಇಬ್ಬರಿಗೂ ಜಗಳ ಅನ್ನುವಂಥದ್ದೇನಿರಲಿಲ್ಲ; ಒಂದೇ ಒಲೆಯ ಮುಂದೆ ಮೊಣಕೈ ತಾಗದ ಹಾಗೆ ನಿಲ್ಲುವುದು ಇಬ್ಬರಿಗೂ ರೂಢಿಯಾಗಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ಅತ್ತೆ ಸ್ಕ್ರೂಡ್ರೈವರ್ ಹಿಡಿದು ದುಂಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತರು. ವಾರದ ಕೊನೆಗೆ ಗಾಡಿ ತಪಾಸಣೆಗೆ ಹೋಗಬೇಕಿತ್ತು. ಪಾಸಾಗದಿದ್ದರೆ ದುಂಡಿ ರಸ್ತೆಗಿಳಿಯುವಂತಿರಲಿಲ್ಲ. ಎರಡೂ ದೀಪಗಳ ಕೆಂಪು ಗಾಜುಗಳು ಬಿಸಿಲು ಕುಡಿದು ಕುಡಿದು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ಗಾಜು ಅನ್ನುವುದು ಬಾಯಿಮಾತಿಗೆ, ನಿಜಕ್ಕೂ ಅದು ಪ್ಲಾಸ್ಟಿಕ್ಕು. ಬಲಗಡೆಯದರ ಮೂಲೆಯಲ್ಲಿ ಗುದ್ದಿದ ಏಟಿಗೆ ಉಗುರಿನಷ್ಟು ಚೂರು ಹಾರಿಹೋಗಿತ್ತು. ತುಕ್ಕು ಹಿಡಿದ ಸ್ಕ್ರೂಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅತ್ತೆ ಎಣ್ಣೆ ಬಿಟ್ಟು, ಕಾದು, ಬೈದು, ಮತ್ತೆ ಎಣ್ಣೆ ಬಿಟ್ಟು, ಅಂತೂ ಬಿಚ್ಚಿದರು. ಎಡದೀಪದ ಒಳಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿಕೊಂಡು ಸಂಸಾರ ಮುಗಿಸಿ ಹೋಗಿತ್ತು.

"ಬಾಡಿಗೆ ಕೊಡದೆ ಇದ್ದುಹೋಗಿದ್ದಾಳೆ ನೋಡು," ಎಂದು ಅತ್ತೆ ಗೂಡನ್ನು ಕೆದಕಿ ತೆಗೆದರು.

ಗಾಜುಗಳನ್ನು ಸೋಪಿನ ನೀರಿನಲ್ಲಿ ತೊಳೆದದ್ದಾಯಿತು. ಕೊಳೆ ಹೋಯಿತು, ಮಂಕು ಹೋಗಲಿಲ್ಲ. ಅವನ್ನು ಅಡುಗೆಮನೆಯ ಕಿಟಕಿಯಲ್ಲಿ ಒಣಗಲು ಇಟ್ಟು ಅತ್ತೆ ಸ್ನಾನಕ್ಕೆ ಹೋದರು. ಅವರ ಮಗ ರಂಗಕ್ಕೆ ಇಳಿದದ್ದು ಆಗ.

ಮಗ ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರು. ಒಳ್ಳೆಯ ಮನುಷ್ಯ, ಸಹಾಯ ಮಾಡುತ್ತೇನೆಂದು ಹೊರಟಾಗ ಮಾತ್ರ ಅಪಾಯಕಾರಿ. ಎಡಗಾಜಿನ ಮೇಲೆ ಹಳೆಯ ಪೇಂಟಿನ ಎರಡು ಹನಿ ಕಂಡು ಅವನಿಗೆ ಅಮ್ಮನ ಮೇಲೆ ಕನಿಕರ ಉಕ್ಕಿತು. ಹೆಂಡತಿಯ ಉಗುರಿನ ಬಣ್ಣ ಅಳಿಸುವ ದ್ರಾವಣವನ್ನು ಹತ್ತಿಗೆ ಸುರಿದುಕೊಂಡು ಒರೆಸಿದ. ಪೇಂಟು ಹೋಯಿತು. ಜೊತೆಗೆ ಗಾಜಿನ ಮೈ ಅಂಟಂಟಾಗಿ, ನೋಡನೋಡುತ್ತಿದ್ದಂತೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಗಾಬರಿಯಿಂದ ಇನ್ನಷ್ಟು ಒರೆಸಿದ. ಇನ್ನಷ್ಟು ಬೆಳ್ಳಗಾಯಿತು.

ಅತ್ತೆ ತಲೆ ಒರೆಸಿಕೊಳ್ಳುತ್ತ ಬಂದವರು ಗಾಜನ್ನು ನೋಡಿದರು, ಮಗನನ್ನು ನೋಡಿದರು.

"ಏನಾಯ್ತೋ ಇದಕ್ಕೆ?"

"ಮಂಜು... ಮಂಜು ಕೂತಿರಬೇಕಮ್ಮ."

"ಹೌದಾ? ಅಡುಗೆಮನೇಲಿ? ಬೆಳಿಗ್ಗೆ ಹತ್ತು ಗಂಟೆಗೆ?"

ಅವನು ಹತ್ತಿಯ ಉಂಡೆಯನ್ನು ಜೇಬಿಗೆ ತುರುಕಿಕೊಂಡ. ಅದರ ವಾಸನೆ ಇಡೀ ಮನೆಗೆ ಅವನ ಪರವಾಗಿ ತಪ್ಪೊಪ್ಪಿಕೊಳ್ಳುತ್ತಿತ್ತು. ಅತ್ತೆ ಬೈಯಲಿಲ್ಲ, ಪಾತ್ರೆಯನ್ನೂ ಕುಕ್ಕಲಿಲ್ಲ. ಗಾಜನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಸುಮ್ಮನೆ ಕೂತುಬಿಟ್ಟರು. ಹೊಸದು ಎಲ್ಲೂ ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಮುಂದಿನ ಕೋಣೆಯಲ್ಲಿದ್ದ ಸೊಸೆ ಆ ಮೌನಕ್ಕೆ ಹೆದರಿಯೇ ಎದ್ದು ಬಂದಳು.

ಅವಳು ಗಾಜನ್ನು ಎತ್ತಿ ಬೆಳಕಿಗೆ ಹಿಡಿದಳು, ಉಗುರಿನಿಂದ ಗೀರಿದಳು, ಮೂಸಿದಳು.

"ಅತ್ತೆ, ಇದು ನಮ್ದೇ ಮಾಲು."

"ಯಾರ್ದು?"

"ನಮ್ಮ ಸೆಟ್ಟಿಗೆ ಹಾಕೋ ಮಾಲು. ಅಕ್ರಿಲಿಕ್ಕು. ಹಾಳಾಗಿರೋದು ಮೇಲಿನ ಪದರ ಅಷ್ಟೇ. ಉಜ್ಜಿ ತೆಗೆದ್ರೆ ಒಳಗೆ ಚೆನ್ನಾಗೇ ಇರುತ್ತೆ. ನನಗೆ ಕೊಡಿ."

ಅತ್ತೆ ಗಾಜನ್ನು ಅವಳ ಕೈಯಿಂದ ಕಿತ್ತು ಎದೆಗವಚಿಕೊಂಡರು. "ನನ್ನ ಹಲ್ಲು ಮಾಡಿದೋಳು ನೀನೇ ತಾನೆ?"

"ಹೌದು."

"ಅದು ಕಚ್ಚುತ್ತೆ."

ಇಷ್ಟು ದಿನ ಊರೆಲ್ಲ ಸುತ್ತಿ ಬಂದ ಮಾತು ಅಂತೂ ವಿಳಾಸ ಹುಡುಕಿಕೊಂಡು ತಲುಪಿತು. ಮೇಷ್ಟ್ರು ಮೆಲ್ಲಗೆ ಬಾಗಿಲ ಕಡೆ ಜರುಗಿದ.

"ಗೊತ್ತು," ಅಂದಳು ಸೊಸೆ. "ನೀವೇ ನನಗೆ ಹೇಳ್ತೀರಿ ಅಂತ ಕಾಯ್ತಿದ್ದೆ. ಔಷಧಿ ಅಂಗಡಿಯವರಿಗೆ ಹೇಳಿದ್ರೆ ಅವರೇನು ಉಜ್ಜಿಕೊಡ್ತಾರಾ?"

ಅತ್ತೆಯ ತುಟಿಯ ಕೊನೆಯಲ್ಲಿ ನಗುವೊಂದು ಇಣುಕಿ ಒಳಗೆ ಹೋಯಿತು. ಗಾಜನ್ನು ಕೊಟ್ಟರು. ಕೊಟ್ಟು, ತಾವೂ ಹಿಂದೆಯೇ ಹೋಗಿ ಕೋಣೆಯಲ್ಲಿ ಕಾವಲು ನಿಂತರು.

ಸೊಸೆ ಒರಟು ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿದಳು, ಆಮೇಲೆ ನಯವಾದದ್ದರಲ್ಲಿ, ಆಮೇಲೆ ಅದಕ್ಕಿಂತ ನಯವಾದದ್ದರಲ್ಲಿ. ಹಾಲಿನಂಥ ಬಿಳುಪು ಕೆಂಪು ಕೆಸರಾಗಿ ಅವಳ ಬೆರಳ ಸಂದಿಯಲ್ಲಿ ಇಳಿಯಿತು. ನಂತರ ಹೊಳಪು ಕೊಡುವ ಬಟ್ಟೆಯ ಚಕ್ರ ತಿರುಗಿಸಿ, ಒದ್ದೆ ಪುಡಿ ಬಳಿದು, ಗಾಜನ್ನು ಮೆತ್ತಗೆ ತಾಗಿಸಿದಳು.

"ಇನ್ನೂ ಒತ್ತಿ ಹಿಡಿ," ಅಂದರು ಅತ್ತೆ.

"ಒತ್ತಿದ್ರೆ ಬಿಸಿಯಾಗಿ ಕರಗುತ್ತೆ."

"ಕ್ಲಚ್ಚಿನ ಹಾಗೆ ಅನ್ನು."

"ನನಗೇನು ಗೊತ್ತು ಕ್ಲಚ್ಚು? ಮೊದಲನೇ ಪಾಠದಲ್ಲೇ ಕಾರಿಂದ ಇಳಿಸಿಬಿಟ್ರಲ್ಲ ನೀವು."

"ನೀನು ಕಣ್ಣು ಮುಚ್ಚಿಕೊಂಡು ಓಡಿಸ್ತಿದ್ದೆ!"

"ಭಯ ಆದ್ರೆ ಎಲ್ಲರೂ ಕಣ್ಣು ಮುಚ್ತಾರೆ ಅತ್ತೆ."

ಅತ್ತೆಗೆ ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕರು. ನಗು ಇಳಿಯುವ ಹೊತ್ತಿಗೆ ಸೊಸೆ ಗಾಜನ್ನು ತೊಳೆದು ಕಿಟಕಿಗೆ ಹಿಡಿದಿದ್ದಳು. ಬೆಳಕು ಅದರ ಮೂಲಕ ಹಾಯ್ದು ಎದುರು ಗೋಡೆಯ ಮೇಲೆ, ಸಾಲಾಗಿದ್ದ ಅಚ್ಚುಗಳ ಮೇಲೆ, ಅತ್ತೆಯ ಬಿಳಿ ಕೂದಲಿನ ಮೇಲೆ ದಾಳಿಂಬೆಯ ಕಾಳಿನಂಥ ಕೆಂಪು ಚೆಲ್ಲಿತು. ಅತ್ತೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ, ಕೆಳಗಿನ ಸೆಟ್ಟನ್ನು ಬಾಯಿಂದ ತೆಗೆದು, ತೊಳೆದು, ಮೇಜಿನ ಮೇಲೆ ಇಟ್ಟರು.

"ಇದನ್ನೂ ಶ್ವಲ್ಪ ನೋಡು. ಎಡಗಡೆ," ಎಂದು ತೊದಲಿದರು.

ಸೊಸೆ ನೋಡಿದಳು. ಒಂದು ಕಡೆ ಅಂಚು ಕೂದಲೆಳೆಯಷ್ಟು ಎತ್ತರ ಇತ್ತು. ಅದನ್ನು ತೇಯಲು ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಸೆಟ್ಟನ್ನು ವಾಪಸು ಹಾಕಿಕೊಂಡು ಅತ್ತೆ ಗಾಳಿಯನ್ನೇ ಎರಡು ಸಲ ಅಗಿದು ನೋಡಿದರು. ಆಮೇಲೆ ಸೊಸೆಯ ಹೆಗಲ ಮೇಲೆ ಬಿದ್ದಿದ್ದ ಪುಡಿಯನ್ನು ಸೆರಗಿನಿಂದ ಒರೆಸಿದರು.

ಬಲಗಾಜನ್ನೂ ಹಾಗೆಯೇ ಉಜ್ಜಿದ್ದಾಯಿತು; ಅದರ ಹಾರಿಹೋದ ಮೂಲೆಯೇ ದೊಡ್ಡ ತಲೆನೋವು. ತುಂಬಲು ಸೊಸೆಯ ಹತ್ತಿರ ಇದ್ದದ್ದು ಒಸಡಿನ ಪುಡಿ ಒಂದೇ, ಅದೂ ಗುಲಾಬಿ ಬಣ್ಣದ್ದು. ಕೆಂಪು ಬಣ್ಣ ಬೆರೆಸಿ ಬೆರೆಸಿ ಹತ್ತಿರ ಹತ್ತಿರ ತಂದಳು. ಒಣಗಿದ ಮೇಲೆ ನೋಡಿದರೆ ಆ ಮೂಲೆಯಲ್ಲಿ ಸಣ್ಣ ಸಣ್ಣ ಕೆಂಪು ಎಳೆಗಳು ಹರಡಿಕೊಂಡಿದ್ದವು. ಒಸಡು ನಿಜದ್ದೆಂದು ಕಾಣಲಿ ಎಂದು ಆ ಪುಡಿಯಲ್ಲಿ ನರದ ಹಾಗಿನ ಎಳೆ ಬೆರೆಸಿರುತ್ತಾರೆ. ಅವಸರದಲ್ಲಿ ಅವಳಿಗೆ ಅದು ನೆನಪಾಗಿರಲಿಲ್ಲ.

"ದುಂಡಿಗೆ ಒಸಡು ಬಂತು!" ಎಂದು ಮೇಷ್ಟ್ರು ಕೂಗಿದ.

"ನೀನು ಸುಮ್ನಿರು, ಮಂಜಣ್ಣ," ಅಂದರು ಅತ್ತೆ. ಆ ಹೆಸರು ಅವನಿಗೆ ಅಂಟಿಕೊಂಡಿತು.

ದೀಪದ ಒಳಗಿನ ಬೋಗುಣಿಯನ್ನು ಒರೆಸಿ, ಹೊಸ ಬಲ್ಬು ಹಾಕಿ, ಗಾಜು ಕೂರಿಸಿದರು. ಅತ್ತೆ ಒಳಗೆ ಕೂತು ಬ್ರೇಕ್ ತುಳಿದರು.

"ಹೇಗಿದೆ?"

"ಎಡಗಡೆದು ಚೆನ್ನಾಗಿದೆ. ಬಲಗಡೆದು ಕಣ್ಣು ಹೊಡೀತಿದೆ!" ಎಂದಳು ಸೊಸೆ. ನಿಜವೇ. ಬ್ರೇಕ್ ತುಳಿದರೆ ಬಲಗಡೆ ಬ್ರೇಕಿನ ದೀಪ ಬಡವಾಗಿ ಉರಿದು, ಪಕ್ಕದ ತಿರುವಿನ ದೀಪ ತಾನೂ ಇದ್ದೇನೆಂದು ಮಿಣುಕುತ್ತಿತ್ತು.

ಇದು ಅತ್ತೆಯ ಸೀಮೆ. "ಅರ್ಥಿಂಗ್ ಸರಿಯಾಗಿ ಸಿಕ್ತಿಲ್ಲ, ತುಕ್ಕು ಕರೆಂಟನ್ನ ತಡೀತಿದೆ," ಎಂದು ಇಳಿದು ಬಂದವರೇ, ದೀಪವನ್ನು ಕಾರಿನ ಮೈಗೆ ಬಿಗಿಯುವ ಜಾಗದ ತುಕ್ಕನ್ನು ಲೋಹ ಬೆಳ್ಳಗೆ ಕಾಣುವ ತನಕ ಕೆರೆದರು. ಮತ್ತೆ ಬಿಗಿದಾಗ ಎರಡೂ ದೀಪ ಒಟ್ಟಿಗೆ, ಒಂದೇ ಸಮ ಹೊತ್ತಿದವು. ಸೊಸೆ ಚಪ್ಪಾಳೆ ತಟ್ಟಿದಳು. ಕೈತುಂಬ ಪುಡಿ ಇದ್ದದ್ದರಿಂದ ಸಣ್ಣ ಮೋಡವೇ ಎದ್ದಿತು.

ತಪಾಸಣೆಯ ಅಧಿಕಾರಿ ನಗುವುದನ್ನು ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಬರುವಂಥ ಮನುಷ್ಯ. ಚಕ್ರ ಒದ್ದು ನೋಡಿದ, ಹಾರನ್ ಒತ್ತಿದ, ಹಿಂದೆ ಬಂದು ಬಲದೀಪದ ಮೂಲೆಗೆ ಮೂಗು ತಾಗಿಸಿದ.

"ಇದೇನ್ರೀ ಇದು? ನರ ಇದ್ದ ಹಾಗಿದೆ?"

"ಒಸಡು," ಎಂದರು ಅತ್ತೆ ಗಂಭೀರವಾಗಿ.

"ಏನು?"

"ನಮ್ಮ ಸೊಸೆ ಮಾಡಿದ್ದು. ಹಲ್ಲಿನ ಕೆಲಸದಲ್ಲಿ ಅವಳಷ್ಟು ನಯ ಯಾರಿಗೂ ಇಲ್ಲ. ಬೇಕಾದ್ರೆ ನೋಡಿ," ಎಂದು ಅತ್ತೆ ಬಾಯಿ ಅಗಲಿಸಿ ತೋರಿಸಿದರು.

ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದ. ಸೊಸೆ ಮಾತ್ರ ನೆಲ ನೋಡುತ್ತ ನಿಂತಳು, ಕಿವಿಯ ತನಕ ಕೆಂಪಾಗಿ. ಅತ್ತೆ ತನ್ನನ್ನು ಯಾರ ಮುಂದಾದರೂ ಹೊಗಳಿದ್ದು ಅವಳಿಗೆ ನೆನಪಿರಲಿಲ್ಲ.

"ಬೆಳಕು ಕೆಂಪಾಗಿ ಬಂದ್ರೆ ಸಾಕು ನನಗೆ," ಎಂದು ಗೊಣಗಿ ಅವನು ಬೀಗದಕೈ ಕೇಳಿದ. ಗಾಡಿಯನ್ನು ತಾನೇ ಒಂದು ಸುತ್ತು ಓಡಿಸಿ ನೋಡಬೇಕಂತೆ. ಅತ್ತೆ ಮಗುವನ್ನು ಅಪರಿಚಿತರ ಕೈಗೆ ಕೊಡುವ ಹಾಗೆ ಕೊಟ್ಟರು.

ದುಂಡಿ ಅಂಗಳದ ಆ ತುದಿಗೆ ಹೊರಟಿತು. ಮೋಡ ಕವಿದ ಮಧ್ಯಾಹ್ನ. ಅಧಿಕಾರಿ ದೀಪ ಹಾಕಿದ. ಎರಡು ಕೆಂಪು ಹನಿಗಳು ಹೊತ್ತಿಕೊಂಡು ದೂರ ಸರಿಯುತ್ತ ಹೋದವು. ತಿರುವಿನಲ್ಲಿ ಬ್ರೇಕ್ ತುಳಿದ. ಹನಿಗಳು ಧಗ್ಗನೆ ಉರಿದವು.

ಅತ್ತೆ ಸೊಸೆಯ ಕೈ ಹಿಡಿದುಕೊಂಡರು. "ಅಯ್ಯೋ, ನೋಡೇ. ನಾನು ಇದನ್ನ ನೋಡೇ ಇರಲಿಲ್ಲ."

"ಯಾವುದನ್ನ?"

"ಇವಳು ಹೋಗೋದನ್ನ. ಯಾವಾಗಲೂ ಒಳಗೇ ಕೂತಿರ್ತಿದ್ದೆನಲ್ಲ. ಹಿಂದಿನಿಂದ ಇಷ್ಟು ಚೆಂದ ಇದ್ದಾಳೆ ಅಂತ ಒಬ್ಬರೂ ಹೇಳಲಿಲ್ವಲ್ಲೇ ನನಗೆ!"

ದುಂಡಿ ಪಾಸಾಯಿತು. ಮನೆಗೆ ಹೋಗುವಾಗ ಸೊಸೆ ಮುಂದೆ ಕೂತಳು, ಮೇಷ್ಟ್ರು ಹಿಂದೆ. ರಸ್ತೆ ಖಾಲಿಯಿತ್ತು, ಆದರೂ ಅತ್ತೆ ಪ್ರತಿ ಅಂಗಡಿಯ ಮುಂದೆ, ಪ್ರತಿ ಮರದ ಹತ್ತಿರ, ಯಾರಾದರೂ ಪರಿಚಯದವರು ಕಂಡಲ್ಲೆಲ್ಲ ಬ್ರೇಕ್ ತುಳಿಯುತ್ತಿದ್ದರು. ಪ್ರತಿ ಸಲವೂ ಮೇಷ್ಟ್ರ ಹಣೆ ಮುಂದಿನ ಸೀಟಿಗೆ ಬಡಿಯುತ್ತಿತ್ತು.

"ಅಮ್ಮಾ, ಯಾಕಮ್ಮ ಹೀಗೆ?"

"ಹಿಂದೆ ಬರೋರು ನೋಡಲಿ ಅಂತ ಕಣೋ."

"ಹಿಂದೆ ಯಾರೂ ಇಲ್ಲ!"

"ಹಾಗಾದ್ರೆ ನೀನೇ ಇಳಿದು ನೋಡು," ಎಂದು ಅತ್ತೆ ಮತ್ತೆ ತುಳಿದರು.